ಮಂಜು, ಮಳೆ ಎಲ್ಲ ಇದ್ದೂ ಬೆರಗೇ ಹುಟ್ಟಲ್ಲ, ನನಗೇನಾಗಿದೆ?

ಪ್ರಶ್ನೆ: ನನಗೆ 43 ವರ್ಷ. ವಿರಾಜಪೇಟೆಯಲ್ಲಿ ಮನೆ, ಗೋಣಿಕೊಪ್ಪದ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಳೆದ ತಿಂಗಳು ಬೆಂಗಳೂರಿನ ತಂಗಿ ಮನೆಗೆ ಹೋಗಿದ್ದೆ. ಮಲ್ಲೇಶ್ವರದಲ್ಲಿ ತರಕಾರಿಗೆಂದು ಹೊರಟವಳು ದಾರಿ ತಪ್ಪಿ ಒಂದು ಸಂದಿಗೆ ಹೊಕ್ಕೆ. ಗೋಡೆ ತುಂಬ ಚಿತ್ರ. ಅಜ್ಜಿಯೊಬ್ಬಳು ಹೂ ಕಟ್ಟುವ ಚಿತ್ರದ ಮುಂದೆ ನಿಂತುಬಿಟ್ಟೆ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು 'ನಮ್ಮಮ್ಮನೂ ಹೀಗೇ ಕಾಲು ಚಾಚಿ ಕೂತು ಕಟ್ಟುತ್ತಿದ್ದಳು' ಅಂದರು. ಅರ್ಧ ಗಂಟೆ ಮಾತಾಡಿದೆವು. ಹೆಸರು ಕೇಳಲಿಲ್ಲ, ಹೇಳಲೂ ಇಲ್ಲ. ಮನೆಗೆ ಬರುವಾಗ ಮೈ ಹಗುರಾಗಿತ್ತು. ಅಷ್ಟು ಖುಷಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ಊರಿಗೆ ಬಂದರೆ ಮತ್ತೆ ಅದೇ. ಪ್ರವಾಸಿಗರು ಮಂಜು ಕಂಡರೆ ಕಾರು ನಿಲ್ಲಿಸಿ ಕೂಗಾಡುತ್ತಾರೆ. ನನಗೆ ಬಟ್ಟೆ ಒಣಗಲ್ಲ ಅನ್ನೋದು ಬಿಟ್ಟು ಬೇರೇನೂ ಅನ್ನಿಸಲ್ಲ. ಯಜಮಾನರು 'ವಯಸ್ಸಾಯ್ತು ಬಿಡು' ಅಂತಾರೆ. ಗೆಳತಿ 'ಅಂಥದ್ದೆಲ್ಲ ಸಿಟಿಯಲ್ಲಿ ಮಾತ್ರ' ಅಂತಾಳೆ. ಇದು ಖಿನ್ನತೆಯಾ? ಇಲ್ಲಿ ಗುರುತಿಲ್ಲದವರ ಹತ್ತಿರ ಹಾಗೆ ಮಾತಾಡಿದರೆ ನೋಡಿದವರು ಏನಂದುಕೊಳ್ಳುತ್ತಾರೆ? ಇನ್ನೊಂದು ವಿಷಯ. ಒಂಬತ್ತನೇ ಕ್ಲಾಸಿನ ಮಗಳು ನಮ್ಮ ಕಾಂಪೌಂಡ್ ಗೋಡೆಗೆ ಚಿತ್ರ ಬರೀತೀನಿ ಅಂತ ಹಟ ಹಿಡಿದಿದ್ದಾಳೆ. ಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. 'ಹೆಸರು ಕೇಳಲಿಲ್ಲ, ಹೇಳಲೂ ಇಲ್ಲ.' ನೀವು ಅದನ್ನು ಸುಮ್ನೆ ಬರೆದಿರಬಹುದು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಅಲ್ಲಿಗೆ ಹೋಗುವ ಮೊದಲು ಖಿನ್ನತೆಯ ವಿಷಯ ಮುಗಿಸೋಣ. ನಿಮ್ಮನ್ನು ಒಳಗೊಳಗೇ ಹೆದರಿಸುತ್ತಿರುವುದು ಅದೇ ಅಲ್ವಾ?

ಖಿನ್ನತೆ ಬಂದಾಗ ಬೆರಗು ಒಂದೇ ಹೋಗುವುದಿಲ್ಲ. ಇಷ್ಟದ ಊಟ, ಮಗಳ ಮಾತು, ಗೆಳತಿಯ ಫೋನು, ಹಬ್ಬದ ಸೀರೆ, ಎಲ್ಲದರ ರುಚಿಯೂ ಒಟ್ಟಿಗೆ ಸಪ್ಪೆಯಾಗುತ್ತದೆ. ನಿದ್ದೆ ಕೆಡುತ್ತದೆ, ಇಲ್ಲವೇ ವಿಪರೀತವಾಗುತ್ತದೆ. ಸಣ್ಣ ಕೆಲಸಕ್ಕೂ ಮೈ ಏಳುವುದಿಲ್ಲ. ನಾನು ಯಾರಿಗೂ ಬೇಡದವಳು ಎಂಬ ಯೋಚನೆ ಬಿಡುವುದಿಲ್ಲ. ಇಂಥದ್ದು ಹೆಚ್ಚುಕಮ್ಮಿ ದಿನವಿಡೀ, ಎರಡು ವಾರ ದಾಟಿಯೂ ಇದ್ದರೆ ವೈದ್ಯರನ್ನು ನೋಡಲೇಬೇಕು. ಮಲ್ಲೇಶ್ವರದಲ್ಲಿ ನಿಮಗೆ ಆದ ಖುಷಿ ಒಳ್ಳೆಯ ಸೂಚನೆ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಕೆಲವರಿಗೆ ಖಿನ್ನತೆಯ ನಡುವೆಯೂ ಒಂದೊಂದು ದಿನ ಹಗುರಾಗಿ ಬರುತ್ತದೆ.

ನಿಮ್ಮ ವಯಸ್ಸಿನಲ್ಲಿ ನಾನು ಇನ್ನೊಂದು ಮಾತು ತಪ್ಪದೆ ಹೇಳುತ್ತೇನೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಮುಟ್ಟು ನಿಲ್ಲುವುದಕ್ಕೆ ಕೆಲವು ವರ್ಷ ಮೊದಲೇ ಹಾರ್ಮೋನ್ ಏರುಪೇರು ಶುರುವಾಗುತ್ತದೆ. ಆಗಲೂ ಮನಸ್ಸು ಮಂಕಾಗುತ್ತದೆ. ನನ್ನ ಹತ್ತಿರ 'ಏನೂ ಬೇಡ ಅನ್ನಿಸುತ್ತದೆ' ಎಂದು ಬಂದ ಹೆಂಗಸರಲ್ಲಿ ಕೆಲವರಿಗೆ ಬೇಕಾಗಿದ್ದುದು ಕಬ್ಬಿಣಾಂಶದ ಮಾತ್ರೆ. ಇದನ್ನು ತಿಳಿಯದೆ ವರ್ಷಗಟ್ಟಲೆ ತಮ್ಮ ಸ್ವಭಾವವನ್ನೇ ಬೈದುಕೊಂಡಿದ್ದರು. ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರಿಂದ ನಡೆಯುತ್ತಿದೆ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಮಂಜಿನ ವಿಷಯ. ಮೂಗುತಿ ಹಾಕಿಸಿಕೊಂಡ ಹೊಸತರಲ್ಲಿ ದಿನವಿಡೀ ಗಮನ ಮೂಗಿನ ಮೇಲೇ ಇರುತ್ತದೆ. ವಾರ ಕಳೆದರೆ ಅದು ಇದೆ ಅನ್ನೋದೇ ಮರೆತಿರುತ್ತದೆ. ಮಿದುಳಿನ ಕೆಲಸವೇ ಅದು. ಮುಂದೆ ಏನು ಬರುತ್ತದೆ ಎಂದು ಸದಾ ಊಹಿಸುತ್ತಿರುತ್ತದೆ. ಊಹೆ ಸರಿಯಾದರೆ ನಿಮಗೆ ಸುದ್ದಿ ಕೊಡುವುದಿಲ್ಲ. ತಪ್ಪಾದರೆ ಮಾತ್ರ ಎಚ್ಚರಿಸುತ್ತದೆ. ಜೂನ್ ತಿಂಗಳಲ್ಲಿ ಕೊಡಗಿನಲ್ಲಿ ಮಂಜು ಬರುವುದನ್ನು ನಿಮ್ಮ ಮಿದುಳು ನಲವತ್ತು ಮಳೆಗಾಲ ನೋಡಿದೆ. ಅದು ನಿಮಗೆ ಯಾಕೆ ಹೇಳಬೇಕು?

2003ರಲ್ಲಿ ಡಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಬೆರಗಿನ ಬಗ್ಗೆ ಒಂದು ಪ್ರಬಂಧ ಬರೆದರು. ಬೆರಗು ಹುಟ್ಟಲು ಎರಡು ಬೇಕು ಎಂದರು. ಎದುರಿಗಿರುವುದು ನಮಗಿಂತ ದೊಡ್ಡದು ಅನ್ನಿಸಬೇಕು. ಮತ್ತೆ, ಅದು ನಮ್ಮ ತಲೆಯಲ್ಲಿ ಮೊದಲೇ ಇರುವ ಲೆಕ್ಕಕ್ಕೆ ಸಿಗಬಾರದು. ನಿಮ್ಮ ಮಂಜು ದೊಡ್ಡದೇ. ಆದರೆ ಲೆಕ್ಕಕ್ಕೆ ಸಿಕ್ಕಿಬಿಟ್ಟಿದೆ. ಕಾರು ನಿಲ್ಲಿಸಿ ಕೂಗುವ ಪ್ರವಾಸಿಗರು ನಿಮಗಿಂತ ಸೂಕ್ಷ್ಮ ಮನಸ್ಸಿನವರೇನೂ ಅಲ್ಲ. ಬೆಂಗಳೂರಿನಲ್ಲಿ ಗುಲಾಬಿ ಬಣ್ಣದ ತಬೆಬೂಯ ಮರಗಳು ರಸ್ತೆಯುದ್ದಕ್ಕೂ ಹೂ ಬಿಟ್ಟಿದ್ದಾಗ ಅದರ ಕೆಳಗೇ ಸಿಗ್ನಲ್ ಕಾಯುತ್ತ ಮೊಬೈಲ್ ನೋಡುವವರು ಅವರೇ.

ಆದ್ದರಿಂದ 'ವಯಸ್ಸಾಯ್ತು' ಎಂಬ ಮಾತನ್ನು ಪಕ್ಕಕ್ಕಿಡಿ. 2020ರಲ್ಲಿ ವರ್ಜೀನಿಯಾ ಸ್ಟರ್ಮ್ ಎಂಬುವರ ತಂಡ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಭಾಗವಹಿಸಿದ 52 ಜನರೂ 60ರಿಂದ 90 ವರ್ಷದೊಳಗಿನವರು. ಎಲ್ಲರೂ ಎಂಟು ವಾರ, ವಾರಕ್ಕೊಮ್ಮೆ 15 ನಿಮಿಷ ಹೊರಗೆ ನಡೆದರು. ಅರ್ಧ ಜನಕ್ಕೆ ಮಾತ್ರ 'ಹೊಸದಾಗಿ ಕಣ್ಣಿಗೆ ಬೀಳುವುದನ್ನು ಹುಡುಕಿ' ಎಂದು ಹೇಳಿದ್ದರು. ಆ ಗುಂಪಿನವರಿಗೆ ಬೆರಗು, ಕೃತಜ್ಞತೆಯಂಥ ಭಾವನೆಗಳು ಜಾಸ್ತಿಯಾದವು. ನಡೆಯುವಾಗ ತೆಗೆದುಕೊಂಡ ಸ್ವಂತ ಫೋಟೊಗಳಲ್ಲಿ ವಾರದಿಂದ ವಾರಕ್ಕೆ ಅವರ ಮುಖ ಚಿಕ್ಕದಾಗುತ್ತ ಬಂತು, ಹಿಂದಿನ ದೃಶ್ಯ ದೊಡ್ಡದಾಗುತ್ತ ಬಂತು. ನಗು ಮಾತ್ರ ಅಗಲವಾಯಿತು. ಅಧ್ಯಯನ ಸಣ್ಣದು, ಇದು ಖಿನ್ನತೆಗೆ ಮದ್ದೂ ಅಲ್ಲ. ಆದರೆ ಬೆರಗಿಗೂ ವಯಸ್ಸಿಗೂ ಗಂಟು ಹಾಕಬೇಕಿಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಗೋಡೆ ಚಿತ್ರ ನಿಮ್ಮನ್ನು ಹಿಡಿದದ್ದೂ ಇದೇ ಕಾರಣಕ್ಕೆ. ನಾವು ಕಣ್ಣು ಹಾಯಿಸಿ ಬಿಟ್ಟುಬಿಡುವ ಜಾಗದಲ್ಲೇ ಬೀದಿ ಕಲೆ ಕೈ ಇಡುತ್ತದೆ. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ನೆನಪಿದ್ದಾರಾ? 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯೊಂದರಲ್ಲಿ ಮೊಸಳೆ ಮಾಡಿ ಕೂರಿಸಿದರು. 2019ರಲ್ಲಿ ಹಾಳಾದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪಿನಲ್ಲಿ ಒಬ್ಬರನ್ನು ನಡೆಸಿ, ಚಂದ್ರನ ಮೇಲೆ ನಡೆಯುವ ವಿಡಿಯೊ ಮಾಡಿದರು. ಜನ ಆ ಗುಂಡಿಗಳ ಪಕ್ಕ ದಿನಾ ಓಡಾಡುತ್ತಿದ್ದರು. ಮೊಸಳೆ ಬಂದ ಮೇಲೇ ಗುಂಡಿ ಕಂಡದ್ದು. ಪಾಲಿಕೆಗೂ ಕಂಡಿತು, ಗುಂಡಿ ಮುಚ್ಚಿತು.

ಗೆಳತಿ ಹೇಳಿದ 'ಅಂಥದ್ದೆಲ್ಲ ಸಿಟಿಯಲ್ಲಿ ಮಾತ್ರ' ಅನ್ನೋದನ್ನು ನಾನು ಸ್ವಲ್ಪ ಒಪ್ಪುತ್ತೇನೆ. ದೊಡ್ಡ ಗೋಡೆ ಚಿತ್ರಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆ ಕಪ್ಪಾಗುತ್ತದೆ, ಪಾಚಿ ಹತ್ತುತ್ತದೆ. ಹಾಗಾಗಿ ಕೊಡಗಿನ ಬೀದಿ ಕಲೆ ಗೋಡೆಯ ಮೇಲೆ ಕೂರಲಿಲ್ಲ. ಅದು ರಸ್ತೆಯಲ್ಲಿ ನಡೆಯುತ್ತದೆ. ನಿಮ್ಮೂರಿನ ಗೌರಿ ಗಣೇಶ ವಿಸರ್ಜನೆಯ ಮೆರವಣಿಗೆ ನೋಡಿ. ಗೋಣಿಕೊಪ್ಪದ ದಸರಾ ಮಂಟಪಗಳು. ವಿಜಯದಶಮಿಯ ರಾತ್ರಿ ಮಡಿಕೇರಿಯ ದಶಮಂಟಪಗಳು, ಅಂದರೆ ಹತ್ತು ದೇವಸ್ಥಾನಗಳ ಚಲಿಸುವ ದೃಶ್ಯಗಳು. ಟ್ರ್ಯಾಕ್ಟರ್ ಮೇಲೆ ರಾಕ್ಷಸ ಕಣ್ಣು ಹೊರಳಿಸುತ್ತಾನೆ, ದೇವಿ ತ್ರಿಶೂಲ ಎತ್ತುತ್ತಾಳೆ, ಬೆಳಕು, ಹೊಗೆ, ಬೆಳಗಿನ ಜಾವದವರೆಗೆ ಜನ. ಟಿಕೆಟ್ ಇಲ್ಲ, ಬಾಗಿಲಿಲ್ಲ. ನಾಲ್ಕು ಕಡೆಯಿಂದ ಬಂದ ಗುರುತಿಲ್ಲದವರು ಒಂದೇ ಅಂಗಡಿ ಮೆಟ್ಟಿಲ ಮೇಲೆ ಒತ್ತೊತ್ತಾಗಿ ಕೂತು ನೋಡುತ್ತಾರೆ. ಬೀದಿ ಕಲೆ ಅಂದರೆ ಇದಲ್ಲದೆ ಇನ್ನೇನು? ನಾವು ಅದಕ್ಕೆ ಹಬ್ಬ ಅಂತ ಹೆಸರಿಟ್ಟು, ಸೀರೆ, ಅಡುಗೆ, ನೆಂಟರ ಲೆಕ್ಕದಲ್ಲಿ ಕಳೆದುಬಿಡುತ್ತೇವೆ.

ಸಣ್ಣವೂ ಇವೆ. ರೈಲೇ ಇಲ್ಲದ ಜಿಲ್ಲೆ ನಮ್ಮದು. ರೈಲು ಬೋಗಿಯ ಬಣ್ಣ ಬಳಿದ ಶಾಲೆಗಳು ರಾಜ್ಯದ ತುಂಬ ಇವೆ. ಅಂಥ ಗೋಡೆ ಇಲ್ಲಿ ಕಂಡರೆ ಒಮ್ಮೆ ನಿಂತು ನೋಡಿ. ರೈಲನ್ನೇ ಹತ್ತದ ಮಕ್ಕಳು ದಿನಾ ಆ 'ಬೋಗಿ'ಯೊಳಗೆ ಹೋಗಿ ಕೂರುತ್ತಾರೆ. ಕೊಡಗಿನ ಬಸ್ ತಂಗುದಾಣಗಳನ್ನೂ ಗಮನಿಸಿ. ಎಷ್ಟೋ ಕಡೆ ಅವು ತೀರಿಹೋದ ಒಬ್ಬರ ನೆನಪಿಗೆ ಮನೆಯವರು ಕಟ್ಟಿಸಿದವು. ಕಲ್ಲಿನಲ್ಲಿ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ. ಕೆಲವರದ್ದು ತೀರಾ ಚಿಕ್ಕ ವಯಸ್ಸು. ಮಳೆಯಲ್ಲಿ ನಾವು ನಿಲ್ಲುವುದು ಯಾರದೋ ಮಗನ ನೆನಪಿನ ಕೆಳಗೆ. ಇದನ್ನು ಒಮ್ಮೆ ಓದಿದ ಮೇಲೆ ಆ ತಂಗುದಾಣ ನನಗೆ ಮೊದಲಿನಷ್ಟು ಸಾದಾ ಜಾಗವಾಗಿ ಉಳಿಯಲಿಲ್ಲ.

ನಿಮ್ಮ ಊರಿನದ್ದೇ ಇನ್ನೊಂದು. ಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟ. ಅದೇ ರಾಜ ಅದೇ ಹೊತ್ತಿಗೆ ಕಕ್ಕಬ್ಬೆ ಕಡೆ ನಾಲ್ನಾಡು ಅರಮನೆ ಕಟ್ಟಿಸುತ್ತಿದ್ದ. ತಡಿಯಂಡಮೋಳ್ ಹತ್ತುವವರು ಅದರ ಮುಂದೆಯೇ ಹೋಗುತ್ತಾರೆ. ಒಳಗೆ ಗೋಡೆಯ ಮೇಲೆ ಬಣ್ಣದ ಚಿತ್ರಗಳಿವೆ. ಮಳೆ ತಾಗದ ಗೋಡೆ ಸಿಕ್ಕರೆ ಕೊಡಗಿನಲ್ಲೂ ಚಿತ್ರ ಉಳಿಯುತ್ತದೆ ಅನ್ನೋದಕ್ಕೆ ಅವೇ ಸಾಕ್ಷಿ. ಮಡಿಕೇರಿಗೆ ಹೋದಾಗ ಜನರಲ್ ತಿಮ್ಮಯ್ಯ ವೃತ್ತ ಸುತ್ತುತ್ತೀರಲ್ಲ, ಆ ಪ್ರತಿಮೆಯ ಮನುಷ್ಯ 1965ರಲ್ಲಿ ತೀರಿಕೊಂಡದ್ದು ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿ ಪಡೆಯನ್ನು ನಡೆಸುತ್ತಿದ್ದಾಗ. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಇಷ್ಟು ತಿಳಿದರೆ ಅದೇ ವೃತ್ತ ಸ್ವಲ್ಪ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ ಜನ, ತಿಳಿದಷ್ಟೂ ಬೆರಗು ಕಡಿಮೆಯಾಗುತ್ತದೆ ಅಂದುಕೊಳ್ಳುತ್ತಾರೆ. ನಾನು ನೋಡಿದ್ದು ಬೇರೆ. ತಿಳಿದಿದೆ ಅಂದುಕೊಂಡರೆ ಬೆರಗು ಸಾಯುತ್ತದೆ. ಇನ್ನೊಂದು ಚೂರು ತಿಳಿದರೆ ಎದ್ದು ಕೂರುತ್ತದೆ.

ಇನ್ನು ಆ ಹಿರಿಯರ ವಿಷಯ. ನಿಮ್ಮಿಬ್ಬರ ಮಾತು ಶುರುವಾದದ್ದು ಹೇಗೆ ನೋಡಿ. ಅವರು ನಿಮ್ಮ ಮುಖ ನೋಡಿ ಮಾತಾಡಲಿಲ್ಲ. ಇಬ್ಬರೂ ಅಜ್ಜಿಯ ಚಿತ್ರ ನೋಡುತ್ತಿದ್ದಿರಿ. ವಿಲಿಯಂ ವೈಟ್ ಎಂಬುವರು 1970ರ ದಶಕದಲ್ಲಿ ನ್ಯೂಯಾರ್ಕಿನ ಬೀದಿ, ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನ ಹೇಗೆ ಕೂರುತ್ತಾರೆ, ಹೇಗೆ ನಿಲ್ಲುತ್ತಾರೆ ಎಂದು ನೋಡಿದರು. ಬೀದಿಯಲ್ಲಿ ಒಬ್ಬ ವಾದ್ಯ ನುಡಿಸುವವನೋ, ಒಂದು ಶಿಲ್ಪವೋ ಇದ್ದರೆ ಗುರುತಿಲ್ಲದ ಇಬ್ಬರು ಹಳೇ ಪರಿಚಯದವರಂತೆ ಮಾತಿಗೆ ಇಳಿಯುವುದನ್ನು ಗುರುತಿಸಿದರು. ಇಬ್ಬರ ನಡುವೆ ಮೂರನೆಯದೊಂದು ಬೇಕು. ಅದು ಇದ್ದರೆ ಮಾತಿಗೆ ನೆಪ ಬೇಕಿಲ್ಲ, ಮುಗಿಸುವುದಕ್ಕೂ ಸಂಕೋಚವಿಲ್ಲ.

ಕೊಡಗಿನಲ್ಲಿ ಮೂರನೆಯದಕ್ಕೆ ಬರವಿಲ್ಲ. 'ನಿಮ್ಮ ಕಡೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬಿತ್ತು?' ಎಂದರೆ ಸಾಕು, ಮಳೆಯ ಲೆಕ್ಕ ಶುರು. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಅರಳಿ ಬಸ್ಸಿನೊಳಗೆಲ್ಲ ವಾಸನೆ ತುಂಬಿದಾಗ ಪಕ್ಕದವರ ಮೂಗೂ ನಿಮ್ಮ ಮೂಗೂ ಒಂದೇ ಕೆಲಸ ಮಾಡುತ್ತಿರುತ್ತವೆ. ಮೂರನೆಯದು ಇದೆ. ಗುರುತಿಲ್ಲದವರು ಗುರುತಿಲ್ಲದವರಾಗಿ ಉಳಿಯುವುದಿಲ್ಲ, ತೊಂದರೆ ಅಲ್ಲಿದೆ.

ಇಲ್ಲಿ ಮಾತಿಗೆ ಕೂತ ಎರಡನೇ ನಿಮಿಷಕ್ಕೆ 'ಯಾವ ಮನೆಯವರು?' ಬರುತ್ತದೆ. ಕೊಡವರಾದರೆ ಯಾವ ಒಕ್ಕ (ಮನೆತನ), ಗೌಡರಾದರೆ ಯಾವ ಮನೆ, ಬೇರೆಯವರಾದರೆ ಯಾವ ಊರು, ಯಾರ ತೋಟದ ಹತ್ತಿರ. ಐದನೇ ನಿಮಿಷಕ್ಕೆ ನಿಮ್ಮ ಚಿಕ್ಕಮ್ಮನ ಮದುವೆಯಲ್ಲಿ ಅವರು ಊಟ ಮಾಡಿದ್ದು ಗೊತ್ತಾಗುತ್ತದೆ. ನಾನು ಈ ಪದ್ಧತಿಯನ್ನು ಹಗುರ ಮಾಡುವುದಿಲ್ಲ. ಊರು ಊರನ್ನು ಕಾಯುವುದು ಇದರಿಂದಲೇ. ಆದರೆ ಆ ಪ್ರಶ್ನೆ ಬಂದ ಕ್ಷಣ ನೀವು ಚಿತ್ರ ನೋಡುವವರಾಗಿ ಉಳಿಯುವುದಿಲ್ಲ. ಒಬ್ಬರ ಸೊಸೆ, ಒಬ್ಬರ ಮಗಳು, ಸಂಘದ ಲೆಕ್ಕದವರು ಆಗುತ್ತೀರಿ. ಬೆನ್ನು ನೆಟ್ಟಗಾಗುತ್ತದೆ. ಮಾತು ಅಳೆದು ತೂಗಿ ಬರುತ್ತದೆ. ಮಲ್ಲೇಶ್ವರದಲ್ಲಿ ಅರ್ಧ ಗಂಟೆ ನೀವು ಯಾರದ್ದೂ ಏನೂ ಆಗಿರಲಿಲ್ಲ. ಮೈ ಹಗುರಾದದ್ದಕ್ಕೆ ಚಿತ್ರದಷ್ಟೇ ಅದೂ ಕಾರಣ.

ಆ ಪ್ರಶ್ನೆ ಎಲ್ಲರಿಗೂ ಒಂದೇ ತೂಕದ್ದಲ್ಲ ಅನ್ನೋದೂ ಇಲ್ಲೇ ಹೇಳಬೇಕು. ಮನೆತನದ ಹೆಸರು ಹೇಳಿ ಗೌರವ ಪಡೆಯುವವರಿಗೆ ಅದು ಪರಿಚಯ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಇರುವ ಎರವ ಆದಿವಾಸಿ ಹುಡುಗಿಗೆ, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವನಿಗೆ ಅದೇ ಪ್ರಶ್ನೆ ತಮ್ಮ ಜಾಗ ತೋರಿಸಿದ ಹಾಗೆ ಕೇಳಬಹುದು. ದೇವರಪುರದ ಕುಂಡೆ ಹಬ್ಬದ ಹೊತ್ತಿಗೆ ಆದಿವಾಸಿಗಳು ವೇಷ ಹಾಕಿ ನಿಮ್ಮ ಗೋಣಿಕೊಪ್ಪದ ರಸ್ತೆಯಲ್ಲೂ ಬರುತ್ತಾರೆ, ಎದುರಾದವರನ್ನು ತಡೆದು, ಬೈಗುಳದ ಹಾಡು ಹಾಡಿ ಕಾಸು ಕೇಳುತ್ತಾರೆ. ಆ ಹೊತ್ತಿನಲ್ಲಿ ಯಾವ ಮನೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮುಂದಿನ ಸಲ ಬಸ್ಸಿನ ಕಿಟಕಿ ಎಳೆದುಕೊಳ್ಳುವ ಬದಲು ಅವರ ವೇಷವನ್ನು ಸರಿಯಾಗಿ ನೋಡಿ. ಏನೇನು ಸಾಮಾನು ಸೇರಿಸಿ ಕಟ್ಟಿದ್ದಾರೆ, ಯಾರನ್ನು ಅಣಕ ಮಾಡುತ್ತಿದ್ದಾರೆ, ನೋಡಿ.

ಹಾಗಾದರೆ ನೀವು ಏನು ಮಾಡಬಹುದು? ನಾನು ಮೊದಲು ಹೇಳುವುದು ಬಸ್ಸನ್ನೇ. ದಿನಕ್ಕೆ ಎರಡು ಸಲ ಕೂರುತ್ತೀರಿ, ಪಕ್ಕದ ಸೀಟಿನಲ್ಲಿ ಹೆಂಗಸರೇ ಇರುತ್ತಾರೆ, ಇಳಿಯುವ ಜಾಗ ಬಂದರೆ ಮಾತು ತಾನಾಗಿ ಮುಗಿಯುತ್ತದೆ. ಇದಕ್ಕಿಂತ ಸುರಕ್ಷಿತವಾದ ಜಾಗ ಇಲ್ಲ. ಕಣ್ಣಿಗೆ ಬಿದ್ದದ್ದರ ಬಗ್ಗೆ ಒಂದು ಮಾತು ಆಡಿ. ಅವರ ಬುಟ್ಟಿಯಲ್ಲಿರುವ ಸೊಪ್ಪು ಯಾವುದು, ಕಾಡಿನದ್ದಾ ಹಿತ್ತಿಲದ್ದಾ, ಹೇಗೆ ಮಾಡುತ್ತಾರೆ. ಮನೆ ಯಾವುದು ಎಂದು ನೀವು ಮೊದಲು ಕೇಳಬೇಡಿ. ಅವರು ಕೇಳಿದರೆ ಮುಚ್ಚಿಡುವುದೂ ಬೇಡ. ಒಂದು ಮಾತಿನಲ್ಲಿ ಹೇಳಿ, ಮತ್ತೆ ಸೊಪ್ಪಿಗೆ ಬನ್ನಿ.

'ಅವರಿಗೆ ಕಿರಿಕಿರಿ ಆದರೆ?' ಎಂದು ಹೆಚ್ಚಿನವರು ಕೇಳುತ್ತಾರೆ. ಈ ಹೆದರಿಕೆ ಲೋಕದಲ್ಲೆಲ್ಲ ಇದೆ. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕಾಗೊದ ರೈಲು, ಬಸ್ಸುಗಳಲ್ಲಿ ಕೆಲವರಿಗೆ ಪಕ್ಕದ ಅಪರಿಚಿತರೊಂದಿಗೆ ಮಾತಾಡಲು, ಕೆಲವರಿಗೆ ಸುಮ್ಮನಿರಲು ಹೇಳಿದ್ದರು. ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ಯಾವ ಪ್ರಯಾಣ ಹಿತವಾಗಿರುತ್ತದೆ ಎಂದು ಊಹಿಸಲು ಮಾತ್ರ ಹೇಳಿಸಿಕೊಂಡ ಬೇರೆ ಗುಂಪಿನವರು ಇದರ ಉಲ್ಟಾ ಊಹಿಸಿದ್ದರು. ಸಂಕೋಚದ ಸ್ವಭಾವದವರಿಗೂ ಬೇರೆ ಫಲಿತಾಂಶ ಬರಲಿಲ್ಲ. ಅದೇ ವರ್ಷ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಕಾಫಿ ಅಂಗಡಿಯ ಗಿರಾಕಿಗಳನ್ನು ನೋಡಿದರು. ಕಾಫಿ ಕೊಡುವವರೊಂದಿಗೆ ಮುಖ ನೋಡಿ ನಕ್ಕು ಎರಡು ಮಾತಾಡಿದವರು, ಬೇಗ ದುಡ್ಡು ಕೊಟ್ಟು ಹೊರಟವರಿಗಿಂತ ಖುಷಿಯಾಗಿದ್ದರು. ಎಲ್ಲರೂ ಮಾತಿಗೆ ಸಿಗುವುದಿಲ್ಲ, ನಿಜ. ಒಂದು ಪದದಲ್ಲಿ ಉತ್ತರ ಬಂದರೆ, ಕಣ್ಣು ಕಿಟಕಿಗೆ ತಿರುಗಿದರೆ ಅಲ್ಲಿಗೆ ಬಿಡಿ. ಅವರಿಗೆ ತಲೆನೋವಿರಬಹುದು. ನಿಮ್ಮದೇನೂ ತಪ್ಪಿಲ್ಲ.

ಯಾರಿಗೂ ಗೊತ್ತಿಲ್ಲದವರಾಗಿ ಇರಬೇಕು ಅನ್ನಿಸುವ ದಿನಕ್ಕೆ ಟಿಬೆಟನ್ನರ ನೆಲೆಯಾದ ಬೈಲಕುಪ್ಪೆ ಒಳ್ಳೆಯದು. ಕುಶಾಲನಗರ ದಾಟಿದರೆ ಸಿಗುತ್ತದೆ, ಜಿಲ್ಲೆ ಮಾತ್ರ ಮೈಸೂರು. ಚಿನ್ನದ ಬಣ್ಣದ ಬುದ್ಧ ಮೂರ್ತಿಗಳ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ನೀವು ಗೋಡೆಯ ಚಿತ್ರಗಳ ಮುಂದೆ ಕೂತು ಒಂದೇ ಚಿತ್ರವನ್ನು ಹತ್ತು ನಿಮಿಷ ನೋಡಿ. ಅಲ್ಲಿನ ಅಜ್ಜ ಅಜ್ಜಿಯರಲ್ಲಿ ಅಚ್ಚುಕಟ್ಟಾಗಿ ಕನ್ನಡ ಮಾತಾಡುವವರಿದ್ದಾರೆ. ಫೋಟೊ ವಿಷಯದಲ್ಲಿ ಒಂದು ಎಚ್ಚರ. ಲಿಂಡಾ ಹೆಂಕೆಲ್ ಎಂಬುವರು ಮ್ಯೂಸಿಯಂನಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋಟೊ ತೆಗೆದ ವಸ್ತುಗಳು ಸುಮ್ನೆ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿನಲ್ಲಿ ಉಳಿದವು. ಒಂದು ಭಾಗವನ್ನು ಹತ್ತಿರ ಮಾಡಿ ತೆಗೆದಾಗ ಮಾತ್ರ ನೆನಪು ಕೆಡಲಿಲ್ಲ. ಮೊದಲು ನೋಡಿ. ಆಮೇಲೆ ಬೇಕಾದರೆ ಒಂದು ಮೂಲೆಯನ್ನು ಮಾತ್ರ ಹಿಡಿಯಿರಿ.

ಅಪಾಯಗಳನ್ನೂ ಹೇಳಬೇಕು. ನಡೆಯಲು ಹೋಗುವುದಾದರೆ ಹಗಲು ಹೊತ್ತಿನಲ್ಲಿ, ಪೇಟೆಯೊಳಗೆ. ಬೆಳಗಿನ ಜಾವ, ಸಂಜೆಯ ಮೇಲೆ ತೋಟದ ದಾರಿ ಬೇಡವೇ ಬೇಡ. ನಮ್ಮ ಕಡೆ ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೋ ಹೇಳಲಾಗದು. ಗುರುತಿಲ್ಲದವರೊಂದಿಗೆ ಮಾತು ಜನ ಓಡಾಡುವ ಜಾಗದಲ್ಲಿರಲಿ. ಫೋನ್ ನಂಬರು, ಮನೆ ವಿಳಾಸ, ಸಂಘದ ದುಡ್ಡಿನ ವಿಷಯ ಬೇಡ. ಮಾತು ಇಷ್ಟವಾಗದ ಕಡೆ ಹೊರಳಿದರೆ ಎದ್ದು ಬನ್ನಿ, ಮರ್ಯಾದೆಯ ಲೆಕ್ಕ ಆಮೇಲೆ. ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ. ಬೆರಗನ್ನು ದಿನದ ಕೆಲಸದ ಪಟ್ಟಿಗೆ ಸೇರಿಸಿದರೆ ಅದೂ ಒಂದು ಹೊರೆಯಾಗುತ್ತದೆ. 'ಇವತ್ತೂ ಏನೂ ಅನ್ನಿಸಲಿಲ್ಲ' ಎಂದು ಕೊರಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಾರಕ್ಕೊಮ್ಮೆ ಸಾಕು. ಏನೂ ಅನ್ನಿಸದಿದ್ದರೂ ನಡೆದದ್ದು ಲಾಭವೇ.

ನೋಡಿದವರು ಏನಂದುಕೊಳ್ಳುತ್ತಾರೆ ಅನ್ನೋದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಅಂದುಕೊಳ್ಳುವವರು ಅಂದುಕೊಳ್ಳುತ್ತಾರೆ. ಸಣ್ಣ ಪೇಟೆಯಲ್ಲಿ ಹೆಂಗಸೊಬ್ಬಳು ಸುಮ್ನೆ ನಿಂತು ಗೋಡೆ ನೋಡಿದರೂ ಕಾರಣ ಕೇಳುತ್ತಾರೆ, ಗಂಡಸು ನಿಂತರೆ ಕೇಳುವುದಿಲ್ಲ. ಇದು ಸರಿಯಲ್ಲ, ಆದರೆ ಇದೆ. ಹೆಂಗಸರಿಂದ, ಹಿರಿಯರಿಂದ, ಅಂಗಡಿಯವರಿಂದ ಶುರುಮಾಡಿ. ಕೆಲವು ತಿಂಗಳಲ್ಲಿ 'ಅವರು ಎಲ್ಲರನ್ನೂ ಮಾತಾಡಿಸ್ತಾರೆ' ಎಂದು ಊರಿಗೆ ಅಭ್ಯಾಸವಾಗುತ್ತದೆ. ಊರಿನ ಮಿದುಳೂ ಅಭ್ಯಾಸಕ್ಕೆ ಬೀಳುವಂಥದ್ದೇ. ಯಜಮಾನರಿಗೆ ಇದನ್ನು ಮುಂಚೆಯೇ ಹೇಳಿಬಿಡಿ. ಬೇರೆಯವರ ಬಾಯಿಂದ ಕೇಳುವಂತಾಗಬಾರದು.

ಮಳೆಯ ಬಗ್ಗೆ ಒಂದು ಗಂಭೀರ ಮಾತು. ಬೆರಗಿಗೂ ಭಯಕ್ಕೂ ಅಂತರ ಬಹಳ ಕಡಿಮೆ. ಆಗಸ್ಟ್ 2018ರಲ್ಲಿ ಬೆಟ್ಟ ಕುಸಿದದ್ದನ್ನು ಕಂಡವರಿಗೆ ಜೋರು ಮಳೆ ಚಂದ ಕಾಣಬೇಕು ಅನ್ನೋದು ಕ್ರೌರ್ಯ. ನಿಮಗಾಗಲೀ ನಿಮ್ಮವರಿಗಾಗಲೀ ಆ ನೆನಪ ಭಾರ ಇದ್ದರೆ ಮನಸ್ಸು ಮಂಕಾಗಿರುವುದು ತನ್ನನ್ನು ತಾನು ಕಾಪಾಡಿಕೊಳ್ಳಲೂ ಇರಬಹುದು. ಅದನ್ನು ಒತ್ತಾಯದಿಂದ ಎಬ್ಬಿಸಬೇಡಿ, ಯಾರಾದರೂ ತಜ್ಞರ ಹತ್ತಿರ ಮಾತಾಡಿ. ಅದೇ ದಿನಗಳಲ್ಲಿ ಇನ್ನೊಂದೂ ನಡೆಯಿತು. ಹೆಸರು ಕೇಳದೆ, ಜಾತಿ ಕೇಳದೆ, ಕಂಡವರಿಗೆ ಬಾಗಿಲು ತೆರೆದರು, ಅನ್ನ ಬಡಿಸಿದರು. ಕೆಲ್ಟ್ನರ್ ಅವರ ತಂಡ 26 ದೇಶಗಳ ಜನರಿಂದ ಬೆರಗಿನ ಅನುಭವಗಳನ್ನು ಬರೆಸಿಕೊಂಡಾಗ ಎಲ್ಲಕ್ಕಿಂತ ಹೆಚ್ಚು ಬಂದದ್ದು ಬೆಟ್ಟ, ಸಮುದ್ರದ ಮಾತಲ್ಲ, ಬೇರೆಯವರ ಧೈರ್ಯ, ಒಳ್ಳೆಯತನದ ಮಾತು. ಆ ವರ್ಷ ಕೊಡಗಿನಲ್ಲಿದ್ದವರಿಗೆ ಇದು ಹೊಸ ಸುದ್ದಿಯಲ್ಲ.

ಕೊನೆಗೆ ಮಗಳ ಗೋಡೆ. ಖಂಡಿತ ಬಿಡಿ. ನಿಮ್ಮ ಸ್ವಂತ ಗೋಡೆ, ನಿಮ್ಮ ಒಪ್ಪಿಗೆ. ಪಕ್ಕದ ಮನೆಯವರೊಂದಿಗೆ ಹಂಚಿಕೊಂಡ ಗೋಡೆಯಾದರೆ ಅವರನ್ನು ಕೇಳಿ. ಊರ ಗೋಡೆ, ಶಾಲೆ, ತಂಗುದಾಣಕ್ಕೆ ಕೈ ಹಾಕುವ ಆಸೆ ಬಂದರೆ ಮಾತ್ರ ಬರಹದಲ್ಲಿ ಅನುಮತಿ ಬೇಕು. ಸಾರ್ವಜನಿಕ ಜಾಗ ವಿರೂಪ ಮಾಡುವುದನ್ನು ತಡೆಯಲು ರಾಜ್ಯದಲ್ಲಿ 1981ರಿಂದಲೇ ಕಾಯ್ದೆ ಇದೆ. ಮಳೆಗಾಲ ಪೂರ್ತಿ ಮುಗಿದು ಗೋಡೆ ಒಣಗುವವರೆಗೆ ಕಾಯಿರಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಪಾಚಿಯನ್ನು ತಂತಿ ಬ್ರಷ್‌ನಲ್ಲಿ ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ ಹೊಡೆದು, ಹೊರಗೋಡೆಯ ಎಮಲ್ಶನ್‌ನಲ್ಲೇ ಬರೆಯಲಿ. ಪೋಸ್ಟರ್ ಬಣ್ಣ ಮೊದಲ ಮಳೆಗೇ ಇಳಿದುಹೋಗುತ್ತದೆ. ಏನು ಬರೆಯಬೇಕು ಎಂದು ನೀವು ಹೇಳಬೇಡಿ. ದಾರಿಯಲ್ಲಿ ಹೋಗುವವರು ನಿಂತು 'ಇದೇನಮ್ಮ?' ಎಂದು ಅವಳನ್ನೇ ಕೇಳುತ್ತಾರೆ, ಉತ್ತರವನ್ನು ಅವಳೇ ಕೊಡಲಿ. ಅವಳು ಗೋಡೆಗೆ ಮುಖ ಮಾಡಿರುವಾಗ ನೀವು ಜಗಲಿಯಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದರೆ ಸಾಕು, ಇಬ್ಬರಿಗೂ ಧೈರ್ಯ.